ಮಾವನ ಪಾಟೀಸವಾಲು

ನಮ್ಮ ಸೋದರಮಾವನ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿಯಬೇಕಾದರೂ ಸತ್ಯಪ್ರಮಾಣ ಮಾಡಬೇಕಾಗಿತ್ತು!

ಹಾಗೆಂದು ಅವರು ಜಿಪುಣರಲ್ಲ. ಕಾಫಿ ಧಾರಾಳವಾಗಿ ಸಿಗುತ್ತಿತ್ತು, ಅತ್ತೆಯ ಕೈಯ ಚಕ್ಕುಲಿಯೂ ಸಿಗುತ್ತಿತ್ತು. ಆದರೆ ಬಾಗಿಲಿಗೂ ಕಾಫಿಗೂ ನಡುವೆ ಮಾವ ಕೂತಿರುತ್ತಿದ್ದರು. ನಮ್ಮ ಸೀಮೆಯಲ್ಲಿ ಬಂದವರನ್ನು 'ಊಟ ಆಯ್ತಾ?' ಎಂದು ಕೇಳುವುದು ಕೇಳುವವರಿಗೂ ಹೇಳುವವರಿಗೂ ಹೊರೆಯಾಗದ ಮಾತು. 'ಆಯ್ತು' ಎಂದರೆ ಮುಗಿಯಿತು. ಮಾವನಿಗೆ ಮಾತ್ರ ಅದು ಶುರು.

"ಊಟ ಆಯ್ತೇನಮ್ಮ?"

"ಆಯ್ತು ಮಾವ."

"ಎಲ್ಲಿ ಆಯ್ತು?"

"ಮನೇಲೇ."

"ಏನ್ ಊಟ?"

"ಮುದ್ದೆ, ಹುರುಳಿಕಾಳು ಸಾರು."

"ಯಾವ ಬಸ್ಸಿಗೆ ಹೊರಟೆ?"

"ಏಳೂವರೆ ಬಸ್ಸಿಗೆ."

ಮಾವ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನನ್ನನ್ನು ನೋಡುತ್ತಿದ್ದರು. "ಏಳೂವರೆ ಒಳಗೆ ನಿಮ್ಮಮ್ಮ ಮುದ್ದೆ ತೊಳ್ಸಿದ್ಲಾ? ನಿಮ್ಮಮ್ಮ ನನ್ ತಂಗಿ ಕಣಮ್ಮ. ಒಂಬತ್ತಕ್ಕೆ ಮುಂಚೆ ಅವಳು ಮುದ್ದೆ ತೊಳ್ಸಿದ್ದನ್ನ ಈ ಜನ್ಮದಲ್ಲಿ ಕಂಡಿಲ್ಲ. ಈಗ ಹೇಳು, ಊಟ ಆಗೈತಾ?"

ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು. "ಸಾಕ್ಷೀನ ಒಳಗೆ ಬುಡ್ರೀ! ರೊಟ್ಟಿ ಆರೋಗ್ತೈತೆ!"

ಈ ಮಾತುಕತೆ ಹೀಗೇ ನಡೆಯಿತೆ? ಪ್ರಮಾಣ ಮಾಡಿ ಹೇಳಲಾರೆ. ಹುರುಳಿಕಾಳೋ ಅವರೆಕಾಳೋ ಎಂದು ಯಾರಾದರೂ ಗಟ್ಟಿಸಿ ಕೇಳಿದರೆ ತಡವರಿಸುತ್ತೇನೆ. ವಿಶ್ವವಿದ್ಯಾನಿಲಯದ ಕಾಲದಿಂದಲೂ ಡೈರಿ ಬರೆಯುವ ಅಭ್ಯಾಸವಿದೆಯಾದರೂ, ಬೇಕಾದ ಸಂಗತಿ ಅದರಲ್ಲಿ ಒಂದು ದಿನವೂ ಇರುವುದಿಲ್ಲ. ಮಾವನ ಬಗ್ಗೆ ಹುಡುಕಿದರೆ ಸಿಗುವುದು 'ಮಾವ ಬಂದಿದ್ದರು. ತಲೆನೋವು' ಎಂಬಂಥ ಸಾಲುಗಳು. ತಲೆನೋವು ಮಾವ ಬರುವ ಮೊದಲೇ ಇತ್ತೋ, ಬಂದ ಮೇಲೆ ಹತ್ತಿತೋ? ಅದನ್ನೂ ಬರೆದಿಲ್ಲ! ಆದ್ದರಿಂದ ಇಲ್ಲಿ ಹೇಳುವುದರಲ್ಲಿ ನೆನಪೆಷ್ಟು, ನೆನಪು ಹಚ್ಚಿದ ಒಗ್ಗರಣೆಯೆಷ್ಟು ಎಂಬುದನ್ನು ಓದುವವರೇ ತೂಗಿಕೊಳ್ಳಬೇಕು.

ಮಾವ ತಿಪಟೂರಿನಲ್ಲಿ ವಕೀಲರು. ಅದಕ್ಕೂ ಮೊದಲು ಬೇರೊಂದು ಊರಿನ ಕೋರ್ಟಿನಲ್ಲಿ ಸರ್ಕಾರದ ಪ್ರಾಸಿಕ್ಯೂಟರ್. ಅಂದರೆ ಪೊಲೀಸರು ಹಿಡಿದು ತಂದ ಕಳ್ಳನಿಗೆ ಶಿಕ್ಷೆಯಾಗಬೇಕು ಎಂದು ಸರ್ಕಾರದ ಪರವಾಗಿ ವಾದಿಸುವ ಕೆಲಸ. ಅದನ್ನು ಬಿಟ್ಟು ತಿಪಟೂರಿಗೆ ಬಂದು ಬೋರ್ಡು ಹಾಕಿದ ಮೇಲೆ ಕಳ್ಳರ ಜಾಗಕ್ಕೆ ಅಣ್ಣತಮ್ಮಂದಿರು ಬಂದರು. ತೋಟದ ಭಾಗ, ಬೇಲಿಯ ಜಗಳ, ಬಾವಿಯ ಪಾಲು, ತೆಂಗಿನಮರದ ತಕರಾರು.

"ಕಳ್ಳರೇ ವಾಸಿ ಕಣಮ್ಮ," ಎನ್ನುತ್ತಿದ್ದರು ಮಾವ. "ಕದ್ದ ಮೇಲೆ ಓಡೋಗ್ತಾರೆ. ಅಣ್ಣತಮ್ಮಂದ್ರು ಅಲ್ಲೇ ಇರ್ತಾರೆ."

ಮನುಷ್ಯ ಸಣ್ಣಗೆ, ಉದ್ದಕ್ಕೆ, ಸ್ವಲ್ಪ ಮುಂದಕ್ಕೆ ಬಾಗಿದ್ದರು. ಅವರ ಕರಿಕೋಟು ಬಿಸಿಲಿಗೆ ಬೆಂದು ಒಣಗಿದ ತೆಂಗಿನ ಸಿಪ್ಪೆಯ ಬಣ್ಣಕ್ಕೆ ಬಂದಿತ್ತು. ಭಾನುವಾರವೂ ಅದನ್ನು ತೊಡುತ್ತಿದ್ದರು. ತರಕಾರಿ ತರಲು ಕೂಡ! "ಕೋಟ್ ಹಾಕ್ಕೊಂಡು ಯಾಕ್ರೀ ಬದನೆಕಾಯಿ ತರಕ್ ಹೋಗ್ತೀರಿ?" ಎಂದು ಅತ್ತೆ ಕೇಳಿದರೆ, "ಹುಳ ಇಲ್ಲ ಅಂತ ಹೇಳ್ತಾನಲ್ಲ, ಕೋಟ್ ಕಂಡ್ರೆ ಸ್ವಲ್ಪ ಯೋಚ್ನೆ ಮಾಡಿ ಹೇಳ್ತಾನೆ," ಎಂಬ ಉತ್ತರ.

ಇಂಥವರಿಗೆ ಹೆಣ್ಣು ಕೊಟ್ಟವರು ಯಾರು? ಈ ಪ್ರಶ್ನೆ ನನಗೂ ಬಂದಿತ್ತು. ಅತ್ತೆಯೇ ಹೇಳಿದ್ದು: ಚಿಕ್ಕನಾಯಕನಹಳ್ಳಿಯ ತವರುಮನೆಗೆ ಮಾವ ಹೆಣ್ಣು ನೋಡಲು ಬಂದರು. ಉಪ್ಪಿಟ್ಟು ತಿಂದರು. ಕೈ ಒರೆಸಿಕೊಂಡು ಅತ್ತೆಯ ಕಡೆಗೆ ತಿರುಗಿ, "ನಿಮಗೆ ಹಾಡಕ್ಕೆ ಬರುತ್ತೆ ಅಂತ ನಿಮ್ಮ ತಂದೆಯವರು ಹೇಳಿಕೆ ಕೊಟ್ಟಿದ್ದಾರೆ. ಆ ವಿಚಾರ ನಿಮ್ಮ ಗಮನಕ್ಕೆ ಬಂದಿದೆಯೇ?" ಎಂದು ಕೇಳಿದರು.

ಮನೆಯವರೆಲ್ಲ ಬೆವತರಂತೆ. ಅತ್ತೆ ತಲೆ ಎತ್ತದೆ, "ಬಂದೈತೆ. ಕೇಳಿದೋರು ಇನ್ನೂ ಬದುಕವ್ರೆ, ಬೇಕಾದ್ರೆ ಕರೆಸಿ," ಎಂದರಂತೆ.

ಮಾವ ಎದ್ದು ನಿಂತು, "ನನ್ನ ಪ್ರಶ್ನೆಗಳು ಮುಗಿದವು," ಎಂದರು. ಮುಂದಿನ ತಿಂಗಳೇ ಮದುವೆ. ಪ್ರಶ್ನೆಗಳು ಮುಗಿದವು ಎಂದದ್ದೊಂದು ಮಾತ್ರ ಶುದ್ಧ ಸುಳ್ಳು ಎನ್ನುತ್ತಿದ್ದರು ಅತ್ತೆ.

ಪ್ರಾಸಿಕ್ಯೂಟರ್ ಕೆಲಸವನ್ನು ಅವರು ಬಿಟ್ಟದ್ದೇಕೆ ಎಂಬುದಕ್ಕೆ ನಮ್ಮಲ್ಲಿ ಮೂರು ಕಥೆಗಳಿವೆ. ತೆಂಗಿನಮರವಿಲ್ಲದ ಊರಿಗೆ ವರ್ಗ ಮಾಡಿದರು, ಅದಕ್ಕೇ ಬಿಟ್ಟ ಎಂದು ಅಮ್ಮ. ಮೇಲಿನವರ ಜೊತೆ ಜಗಳವಾಯಿತು ಎಂದು ಅತ್ತೆ. ಮೂರನೆಯದು ಮಾವನದೇ. ನಾನು ನಂಬುವುದು ಮೂರನೆಯದನ್ನು, ಕಾರಣ ಅದು ಚೆನ್ನಾಗಿದೆ. ಇದು ಒಳ್ಳೆಯ ಕಾರಣವಲ್ಲ ಎಂಬುದೂ ನನಗೆ ಗೊತ್ತು.

ಒಬ್ಬ ತೆಂಗಿನಕಾಯಿ ಕದ್ದಿದ್ದ. ಕದ್ದದ್ದು ಊರಿಗೇ ಗೊತ್ತು, ಆದರೆ ಕಂಡವರಿಲ್ಲ. ಕಂಡವನೊಬ್ಬನನ್ನು ಪೊಲೀಸರು ಎಲ್ಲಿಂದಲೋ ತಂದು ನಿಲ್ಲಿಸಿದರು. ಸಾಕ್ಷಿ ಕಟಕಟೆ ಹತ್ತಿದ. ಇವನನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು ಮಾವನಿಗೆ. ಎಲ್ಲೋ ಏನು, ಅದೇ ಕಟಕಟೆಯಲ್ಲಿ! ಸರ್ಕಾರದ ಪರ ನಿಂತ ವಕೀಲರು ತಮ್ಮ ಕಡೆಯ ಸಾಕ್ಷಿಯನ್ನೇ ಹಿಡಿದುಕೊಂಡರು.

"ಹೋದ ತಿಂಗಳು ಒಂದೂರಲ್ಲಿ ದನ ಕದ್ದಾಗ ಅಲ್ಲಿದ್ದೆ. ಅದರ ಹಿಂದೆ ಇನ್ನೊಂದೂರಲ್ಲಿ ಪಂಪ್‌ಸೆಟ್ ಕದ್ದಾಗ ಅಲ್ಲೂ ಇದ್ದೆ. ಈಗ ತೆಂಗಿನಕಾಯಿ ಕದ್ದಾಗ ಇಲ್ಲೂ ಇದೀಯ. ಎಲ್ಲಿ ಕಳ್ತನ ಆದ್ರೂ ಅಲ್ಲಿ ನೀನಿರ್ತೀಯ. ಹಂಗಾದ್ರೆ ಕಳ್ಳ ಯಾರಪ್ಪ, ಅವನೋ ನೀನೋ?"

ಕೋರ್ಟಿಗೆ ಕೋರ್ಟೇ ನಕ್ಕಿತು. ಆರೋಪಿ ಬಿಡುಗಡೆಯಾದ. ಹೊರಗೆ ಮೆಟ್ಟಿಲ ಮೇಲೆ ಮಾವನ ಕಾಲಿಗೆ ಬಿದ್ದ. ಮಾವ ಕಾಲು ಹಿಂದಕ್ಕೆಳೆದುಕೊಂಡು, "ಏಳೋ, ಕದ್ದಿದ್ದು ನೀನೇ ಅಂತ ನನಗೆ ಗೊತ್ತು. ನಿಜವಾಗಿ ಕಂಡೋನು ಒಬ್ಬ ಸಿಕ್ಕಿದ್ರೆ ನಾನೇ ನಿನ್ನ ಒಳಗೆ ಹಾಕಿಸ್ತಿದ್ದೆ. ಸಿಕ್ಕಲಿಲ್ಲ. ಹೋಗು, ಇನ್ಮೇಲೆ ದುಡ್ಕೊಂಡು ತಿನ್ನು," ಎಂದರು. ಸರ್ಕಾರದ ಕೇಸನ್ನು ಸರ್ಕಾರದ ವಕೀಲರೇ ಗೆಲ್ಲದ ಹಾಗೆ ಮಾಡಿದರೆ ಸರ್ಕಾರ ಹಾರ ಹಾಕುತ್ತದೆಯೇ? ಅಂತೂ ಮಾವ ತಿಪಟೂರಿಗೆ ಬಂದರು.

ಇಲ್ಲಿ ಅವರ ಹೆಸರು ಹಬ್ಬಿದ್ದು ದಂಡಿನಶಿವರದ ಕಡೆಯ ಒಂದು ವಾಲಿದ ಮರದಿಂದ. ಅಕ್ಕಪಕ್ಕದ ಎರಡು ತೋಟ, ಅಣ್ಣನದು ಒಂದು, ತಮ್ಮನದು ಒಂದು. ಮರದ ಬುಡ ಅಣ್ಣನ ತೋಟದಲ್ಲಿ. ಆದರೆ ಅದು ಹುಟ್ಟಾ ವಾಲಿಕೊಂಡು ಬೆಳೆದು ತನ್ನ ತಲೆಯನ್ನು ತಮ್ಮನ ತೋಟದ ಮೇಲೆ ಇಟ್ಟಿತ್ತು. ಕಾಯಿ ಬಿದ್ದರೆ ತಮ್ಮನ ನೆಲಕ್ಕೆ ಬೀಳುತ್ತಿತ್ತು. "ಬುಡ ನಂದು," ಎಂದು ಅಣ್ಣ. "ಬಿದ್ದಿದ್ದು ನನ್ನ ನೆಲಕ್ಕೆ," ಎಂದು ತಮ್ಮ. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಮಾವ ಅಣ್ಣನ ಕಡೆಯ ವಕೀಲರು. ಎರಡೂ ಕಡೆಯವರ ಎದುರಿನಲ್ಲಿ ಮರವನ್ನೇ ನೋಡಬೇಕೆಂದು ಹೊರಟರು.

ಬೇರೆ ವಕೀಲರಾಗಿದ್ದರೆ ದೂರ ನಿಂತು ನೋಡುತ್ತಿದ್ದರು. ಮಾವ ಹೋಗಿ ನೇರ ಮರದ ತಲೆಯ ಕೆಳಗೆ ನಿಂತರು. "ಲಾಯರ್ರೇ, ಈಚೆ ಬನ್ನಿ, ಕಾಯಿ ಬಲ್ತೈತೆ!" ಎಂದು ಅಣ್ಣ ಕೂಗಿದ. "ಬಲ್ತೈತೆ ಅನ್ನೋದನ್ನ ಹತ್ತಿ ನೋಡಿದೀಯಾ?" ಎಂದು ಮಾವ ಕೇಳುತ್ತಿದ್ದ ಹಾಗೇ ದಢಾರನೆ ಒಂದು ಕಾಯಿ ಅವರ ಪಕ್ಕಕ್ಕೆ ಬಿತ್ತು. ಮಾವ ಗಾಬರಿಯಿಂದ ಹಿಂದಕ್ಕೆ ನೆಗೆದು ಪಾತಿಯ ಕೆಸರಿನಲ್ಲಿ ಕೂತುಬಿಟ್ಟರು. ಅಣ್ಣ ಒಂದು ಕಡೆಯಿಂದ ಓಡಿ ಬಂದ, ತಮ್ಮ ಇನ್ನೊಂದು ಕಡೆಯಿಂದ. ಇಬ್ಬರೂ ಒಂದೊಂದು ರಟ್ಟೆ ಹಿಡಿದು ಎತ್ತಿದರು.

"ನಿಂದೇ ತಪ್ಪು ಕಣ್ಲಾ," ಎಂದ ಅಣ್ಣ, ತಮ್ಮನಿಗೆ. "ಬಲ್ತ ಕಾಯ ಕೀಳ್ಸದೆ ಬುಟ್ಟಿದೀಯ."

"ಕೀಳ್ಸಕ್ಕೆ ನೀನು ಬುಟ್ಟಿದ್ರೆ ತಾನೆ?" ಎಂದ ತಮ್ಮ.

ಕೆಸರು ಮೆತ್ತಿದ ಕೋಟಿನಲ್ಲಿ ನಿಂತ ಮಾವ ಇಬ್ಬರನ್ನೂ ನೋಡಿ, "ಅಂತೂ ಮಾತಾಡಿದ್ರಲ್ಲ! ಹಂಗೇ ಮುಂದುವರೀಲಿ, ನಾನು ಅಡ್ಡ ಬರಲ್ಲ," ಎಂದರಂತೆ. ಆ ಕೇಸು ರಾಜಿಯಾಯಿತು. 'ಇಂಥ ವಕೀಲಿಕೆ ಮಾಡಿದ್ರೆ ಮನೇಲಿ ಮುದ್ದೆ ಬೇಯಬೇಕಲ್ಲ!' ಎಂದು ಅತ್ತೆ ಗೊಣಗಿದರೂ, ಆ ಕೋಟನ್ನು ತಾವೇ ಒಗೆದು ನೆರಳಿನಲ್ಲಿ ಒಣಹಾಕಿದರು.

ಇಷ್ಟು ನಗುತ್ತ ಬರೆದೆ. ಈಗ ಹೇಳಹೊರಟಿರುವ ದಿನ ನನಗೆ ನಗು ಬಂದಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಮೈಸೂರಿನಲ್ಲಿ ಎಂ.ಎ. ಮೊದಲ ವರ್ಷ ಮುಗಿಸಿ ಮಾಯಸಂದ್ರದ ಹತ್ತಿರದ ನಮ್ಮೂರಿಗೆ ರಜೆಗೆ ಬಂದಿದ್ದೆ. ರಜೆ ಮುಗಿದು ಇನ್ನೇನು ಹಾಸ್ಟೆಲಿಗೆ ಹಿಂದಿರುಗಬೇಕು ಎನ್ನುವಾಗ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ನಮ್ಮ ಮನೆಯ ಯಜಮಾನರು, ಹಜಾರದಲ್ಲಿ ಎಲ್ಲರನ್ನೂ ಕೂರಿಸಿ ತೀರ್ಪು ಕೊಟ್ಟರು. "ಇವಳ ಓದು ಸಾಕು. ರಜೆಗೆ ಬರೋವಾಗ ತಿಪಟೂರು ಟಾಕೀಸಲ್ಲಿ ಯಾವನೋ ಹುಡುಗನ ಜೊತೆ ಮ್ಯಾಟ್ನಿ ನೋಡ್ತಾ ಕುಂತಿದ್ಲು. ಕಣ್ಣಾರೆ ಕಂಡಿವ್ನಿ. ಶೆಟ್ಟಿಕೆರೆಯ ಗಂಡಿನ ಕಡೆಯೋರಿಗೆ ಹೇಳಿ ಕಳಿಸ್ತೀನಿ, ಈ ಶ್ರಾವಣದಲ್ಲೇ ಮದುವೆ ಆಗೋಗ್ಲಿ."

ದೊಡ್ಡಪ್ಪ ಕೆಟ್ಟವರಲ್ಲ. ಮೂರು ಹೊತ್ತು ವಿಭೂತಿ, ಪೂಜೆ. ಸಿನಿಮಾ ಎಂದರೆ ಮೈಲಿಗೆ. ಅವರ ಮಾತಿಗೆ ಅಪ್ಪ ಹುಟ್ಟಿದಾಗಿನಿಂದ ಎದುರಾಡಿದವರಲ್ಲ. ಆ ದಿನವೂ ಅಪ್ಪ ನೆಲ ನೋಡುತ್ತ ಕೂತರು. ಅಮ್ಮ ಮಾತ್ರ ಮೊದಲ ಬಸ್ಸಿನ ಕಂಡಕ್ಟರನ ಕೈಲಿ ತಿಪಟೂರಿಗೆ ಹೇಳಿ ಕಳಿಸಿದಳು: ಅಣ್ಣನಿಗೆ ಬರಲು ಹೇಳಪ್ಪ.

ಈಗ ನಿಜ ಹೇಳಿಬಿಡುತ್ತೇನೆ. ನಾನು ಆ ಸಿನಿಮಾ ನೋಡಿದ್ದೆ! ಮೈಸೂರಿನಿಂದ ಬರುವಾಗ ತಿಪಟೂರಿನ ಗೆಳತಿಯ ಮನೆಯಲ್ಲಿ ಒಂದು ದಿನ ಉಳಿದಿದ್ದೆ. ಅವಳು, ನಾನು, ಅವಳ ಅಣ್ಣ, ಮೂವರೂ ಮ್ಯಾಟ್ನಿಗೆ ಹೋಗಿದ್ದೆವು. ಗೆಳತಿ ನಡುವೆ ಕೂತಿದ್ದಳು. ಅವಳು ಕಡಲೆಕಾಯಿ ತರಲು ಎದ್ದು ಹೋದಾಗ ನಡುವೆ ಖಾಲಿ ಕುರ್ಚಿ ಇತ್ತು. ಅಷ್ಟೇ. ಆ ಅಣ್ಣನ ಹೆಸರು ನನಗೀಗ ನೆನಪಿಲ್ಲ, ಸಿನಿಮಾದ ಹೆಸರೂ ನೆನಪಿಲ್ಲ. ಆದರೆ ಆ ಹಜಾರದಲ್ಲಿ 'ಹೌದು, ಹೋಗಿದ್ದೆ' ಎಂಬ ಒಂದು ಮಾತು ನನ್ನ ಬಾಯಿಂದ ಬಂದಿದ್ದರೆ ಮುಂದಿನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಮೈಸೂರು ಅಲ್ಲಿಗೇ ಮುಗಿಯುತ್ತಿತ್ತು.

ಆದ್ದರಿಂದ ಅಮ್ಮ ಮಾವನಿಗೆ ಹೇಳಿ ಕಳಿಸಿದ್ದು ತಿಳಿದಾಗ ನನ್ನ ಭಯ ಇಮ್ಮಡಿಯಾಯಿತು. ಊಟ ಆಯ್ತು ಎಂದರೆ ಆಧಾರ ಕೇಳುವ ಮನುಷ್ಯ! ಅವರ ಒಂಟಿಗಣ್ಣಿನ ಎದುರು ನಾನು ಎಷ್ಟು ಹೊತ್ತು ನಿಂತೇನು?

ಮರುದಿನ ಬೆಳಗಿನ ಬಸ್ಸಿಗೆ ಮಾವ ಬಂದರು. ಕರಿಕೋಟಿನಲ್ಲೇ ಬಂದರು. ನೀರು ಕುಡಿಯುತ್ತ ಅಮ್ಮನಿಂದ ವಿಷಯವೆಲ್ಲ ಕೇಳಿಕೊಂಡು ದೊಡ್ಡಪ್ಪನ ಎದುರು ಚಾಪೆಯ ಮೇಲೆ ಕೂತರು.

"ಭಾವನೋರೆ, ನಾಕು ಮಾತು ಕೇಳ್ಲಾ?"

"ಕೇಳಿ ಲಾಯರ್ರೇ. ನಂದೇನೈತೆ ಮುಚ್ಚುಮರೆ?"

"ಅವತ್ತು ತಿಪಟೂರಿಗೆ ಯಾಕೆ ಹೋಗಿದ್ರಿ?"

"ಕೊಬ್ರಿ ಹಾಕಕ್ಕೆ. ಹರಾಜಿನ ದಿನ ಅಲ್ವಾ?"

"ಹರಾಜಾಗಿ ರೇಟು ಗೊತ್ತಾಗಿದ್ದು ಎಷ್ಟೊತ್ಗೆ?"

"ಆರು ಗಂಟೆ ಆಗಿತ್ತು. ಅವತ್ತು ತಡವಾಯ್ತು."

"ಅಲ್ಲಿಗಂಟ ರಾಶಿ ಹತ್ರ ಯಾರಿದ್ರು? ಯಾರನ್ನಾದ್ರೂ ಕೂರಿಸಿ ನೀವು ಹೊರಗೆ ಹೋಗಿದ್ರಾ?"

ದೊಡ್ಡಪ್ಪನಿಗೆ ರೇಗಿತು. "ಏನ್ ಮಾತು ಅಂತ ಆಡ್ತೀರಿ! ವರ್ಷಗಟ್ಲೆ ಅಟ್ಟದ ಮೇಲೆ ಕಾಪಾಡಿದ ಕೊಬ್ರಿ. ಅದನ್ನ ಬೀದೀಲಿ ಸುರಿದು ಹೋಗಕ್ಕೆ ನಾನೇನು ತಲೆ ಕೆಟ್ಟೋನಾ? ಬೆಳಗ್ಗಿಂದ ರೇಟಾಗೋಗಂಟ ರಾಶಿ ಬುಟ್ಟು ಕದಲ್ಲಿಲ್ಲ. ಬುತ್ತೀನೂ ಅಲ್ಲೇ ಬಿಚ್ಚಿ ಉಂಡೆ. ನಮ್ಮಪ್ಪನ ಕಾಲದಿಂದ ನಮ್ ಮನೇಲಿ ಯಾರೂ ರಾಶಿ ಬುಟ್ಟೋರಿಲ್ಲ!"

ಇದು ಬರೀ ಜಂಭದ ಮಾತಲ್ಲ. ನಮ್ಮ ಕಡೆ ಕೊಬ್ಬರಿ ಎಂದರೆ ಮನೆಯ ಇಡೀ ವರ್ಷ. ಕಾಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಇಂಗಿ ಅಲ್ಲಾಡಿಸಿದರೆ ಒಣಗಿದ ತಿರುಳಿನ ಗಿಟಕು ಗುಡುಗುಡು ಎನ್ನುವವರೆಗೆ ಕಾಯುತ್ತಾರೆ. ಅದನ್ನು ಮಂಡಿಯಲ್ಲಿ ರಾಶಿ ಹಾಕಿದ ಮೇಲೆ ರೇಟಾಗುವ ತನಕ ಬಿಟ್ಟು ಹೋಗುವವನನ್ನು ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ.

"ಬಾಳ ಸಂತೋಷ," ಎಂದರು ಮಾವ. "ಮ್ಯಾಟ್ನಿ ಎರಡೂವರೆಗೆ ಸುರುವಾಗ್ತೈತೆ. ಐದೂವರೆ ಅನ್ನೋವಾಗ ಮುಗೀತೈತೆ. ನಮ್ ಹುಡುಗಿ ಟಾಕೀಸಿನ ಒಳಗೆ ಕುಂತಿದ್ದನ್ನ ಕಣ್ಣಾರೆ ಕಾಣಬೇಕು ಅಂದ್ರೆ ಆಗ ನೀವೂ ಟಾಕೀಸಿನ ಒಳಗೇ ಇರಬೇಕು. ಆರು ಗಂಟೆಗಂಟ ರಾಶಿ ಹತ್ರಾನೂ ಇದ್ರಿ. ಎರಡರಲ್ಲಿ ಯಾವುದನ್ನ ನಂಬಲಿ ಭಾವನೋರೆ?"

ಅಡುಗೆಮನೆಯ ಬಾಗಿಲ ಹಿಂದಿನಿಂದ ದೊಡ್ಡಮ್ಮನ ದನಿ ಕಿತ್ತುಕೊಂಡು ಬಂತು.

"ಅಯ್ಯೋ ಶಿವನೇ! ರಾಶಿ ಬುಟ್ಟು ಸಿನಿಮಾಕ್ಕೆ ಹೋಗಿದ್ರಾ? ಅದಕ್ಕೇ ಈ ಸಲ ರೇಟು ಬರಲಿಲ್ಲ ಅಂದ್ರಾ!"

"ಏಯ್, ಇಲ್ಲ ಕಣೇ!"

"ಬೇಕಾದ್ರೆ ಸಿನಿಮಾ ನೋಡ್ಕೊಳ್ರಿ, ನಾನೇನೂ ಅನ್ನಲ್ಲ. ರಾಶಿ ಬುಟ್ಟು ಹೋಗದಾ? ನಮ್ ಮಾವನೋರು ಇದ್ದಿದ್ರೆ ಎದೆ ಒಡ್ಕೊಳ್ಳೋರು!"

"ಶಿವನಾಣೆ ರಾಶಿ ಬುಟ್ಟಿಲ್ಲ ಕಣೇ!" ದೊಡ್ಡಪ್ಪನ ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು. "ನಾನು ಟಾಕೀಸಿನ ಬಾಗಿಲೂ ಕಂಡಿಲ್ಲ!"

"ಹಂಗಾದ್ರೆ ಹುಡುಗೀನೂ ಕಂಡಿಲ್ಲ," ಎಂದರು ಮಾವ, ಮೆಲ್ಲಗೆ.

"ಕಂಡಿಲ್ಲ! ಮೊನ್ನೆ ಮಂಡಿ ಹತ್ರ ಯಾರೋ ಅಂತಿದ್ರು..."

"ಈ ಯಾರೋ ಅನ್ನೋರನ್ನ ನಾನೂ ಬಾಳ ವರ್ಷದಿಂದ ಹುಡುಕ್ತಿದೀನಿ ಭಾವನೋರೆ. ಎಷ್ಟು ಸಮನ್ಸ್ ಕಳಿಸಿದ್ರೂ ಒಂದು ದಿನ ಕೋರ್ಟಿಗೆ ಬಂದೋರಲ್ಲ."

ಯಾರೋ ಕಿಸಕ್ಕೆಂದರು. ಅಮ್ಮನೇ ಇರಬೇಕು. ನಾನು ನಗಲಿಲ್ಲ. ದೊಡ್ಡಪ್ಪ ಈಗ ನನ್ನ ಕಡೆ ಕೈ ತೋರಿಸಿದರು. "ನನ್ನ ಬುಡಿ. ಅಗೋ, ಅವಳೇ ಕುಂತವಳಲ್ಲ! ಹೋಗಿದ್ಯೋ ಇಲ್ವೋ ಅಂತ ಅವಳನ್ನೇ ಕೇಳಿ."

ಮಾವ ನನ್ನ ಕಡೆ ತಿರುಗಿದರು. ಆ ಒಂದು ಕಣ್ಣು ಮುಚ್ಚುತ್ತದೆ, ಈಗ ಮುಚ್ಚುತ್ತದೆ ಎಂದು ಕಾದೆ. ಮುಚ್ಚಲಿಲ್ಲ. ಎರಡೂ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ, ನೆನಪನ್ನು ಕೇಳಿದರೆ ಅರ್ಧ ದಿನ ಎನ್ನುತ್ತದೆ.

"ಅವಳನ್ನೇನು ಕೇಳೋದು?" ಎಂದರು. "ಕಂಡೋರೇ ಇಲ್ಲದ ಮೇಲೆ ದೂರೇ ಇಲ್ಲ. ದೂರೇ ಇಲ್ಲದ ಮೇಲೆ ಮಗು ಯಾತಕ್ಕೆ ಉತ್ತರ ಕೊಡಬೇಕು?" ಆಮೇಲೆ ದೊಡ್ಡಪ್ಪನ ಮೊಣಕಾಲ ಮೇಲೆ ಕೈಯಿಟ್ಟು, "ರಾಶಿ ಬುಟ್ಟು ಕದಲದ ಮನುಷ್ಯ ನೀವು. ಅದು ನನಗೆ ಗೊತ್ತಿತ್ತು. ಅದಕ್ಕೇ ಕೇಳಿದೆ," ಎಂದರು.

ಆಗ ಅಪ್ಪ ಬಾಯಿ ಬಿಟ್ಟರು. ತಲೆ ಎತ್ತಲಿಲ್ಲ, ನೆಲವನ್ನು ನೋಡುತ್ತಲೇ ಹೇಳಿದರು. "ಅಣ್ಣ, ಮಗು ಓದ್ಕೊಳ್ಳಲಿ ಬುಡು."

ದೊಡ್ಡಪ್ಪ, "ಓದ್ಕೊಳ್ಳಲಿ. ನಾನೇನು ಬ್ಯಾಡ ಅಂದ್ನಾ?" ಎಂದು ಹೆಗಲ ಮೇಲಿನ ಟವೆಲು ಕೊಡವಿ ಎದ್ದರು. ಮಧ್ಯಾಹ್ನ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಸಾರಿಗೆ ಉಪ್ಪು ಹಾಕಿದ್ದಕ್ಕೆ ಮಾವ ಅಮ್ಮನಲ್ಲಿ ಆಧಾರ ಕೇಳಿದರು, ಅವಳು ಇನ್ನೊಂದು ಸೌಟು ಸುರಿದಳು.

ಓದು ಮುಗಿಸಿದೆ. ಪಾಠ ಹೇಳುವ ಕೆಲಸ ಹಿಡಿದೆ. ಇಷ್ಟು ವರ್ಷ ನನ್ನ ಅನ್ನ ನಾನು ಉಂಡೆ, ನನಗೆ ಬೇಕಾದ್ದನ್ನು ಬರೆದೆ. ಯಾರದೋ ಮೇಲೆ ಬಂದ ಮಾತನ್ನು ಕೇಳಿದ ಕೂಡಲೇ ನಂಬದೆ ಒಂದು ಗಳಿಗೆ ತಡೆದುಕೊಳ್ಳುವುದನ್ನೂ ಕಲಿತೆ. ಇದೆಲ್ಲ ಆ ಹಜಾರದ ಆ ಬೆಳಗಿನ ಋಣ. ಮಾವ ಈಗಿಲ್ಲ. ಇದ್ದಿದ್ದರೆ ಈ ಸಾಲಿಗೂ ಒಂದು ಕಣ್ಣು ಮುಚ್ಚುತ್ತಿದ್ದರು.

ಆ ಹಜಾರದ ಪ್ರಶ್ನೋತ್ತರದ ಮರುದಿನ ನನ್ನನ್ನು ಬಸ್ಸು ಹತ್ತಿಸಲು ಮಾಯಸಂದ್ರದವರೆಗೆ ಮಾವನೇ ಬಂದರು. ನನ್ನ ಟ್ರಂಕು ಅವರ ಹೆಗಲ ಮೇಲಿತ್ತು. ದಾರಿಯುದ್ದಕ್ಕೂ ಅದೂ ಇದೂ ಕೇಳಿದರು. ಹಾಸ್ಟೆಲಿನಲ್ಲಿ ಮುದ್ದೆ ಹಾಕುತ್ತಾರಾ, ಲೈಬ್ರರಿ ಎಷ್ಟು ಹೊತ್ತಿನವರೆಗೆ ತೆಗೆದಿರುತ್ತದೆ, ಮೇಷ್ಟ್ರುಗಳಲ್ಲಿ ಚೆನ್ನಾಗಿ ಪಾಠ ಮಾಡುವವರು ಯಾರು, ಚೆನ್ನಾಗಿ ಅನ್ನೋದಕ್ಕೆ ಆಧಾರ ಏನು. ಆ ಒಂದನ್ನು ಮಾತ್ರ ಕೇಳಲಿಲ್ಲ. ಬಸ್ಸಿನ ಧೂಳು ದೂರದಲ್ಲಿ ಕಂಡಾಗ ನನಗೆ ತಡೆಯಲಾಗಲಿಲ್ಲ.

"ಮಾವ, ಅವತ್ತು ಟಾಕೀಸಲ್ಲಿ ನಿಜವಾಗಿ ಏನಾಯ್ತು ಅಂದ್ರೆ..."

ಅವರು ತಟ್ಟನೆ ಕೈ ಎತ್ತಿದರು. ಟ್ರಂಕನ್ನು ಕೆಳಗಿಟ್ಟು, ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು.

"ಬ್ಯಾಡ ಕಣಮ್ಮ, ಹೇಳಬ್ಯಾಡ. ನೀನು ಹೇಳಿದ್ರೆ ನಾನು ಸಾಕ್ಷಿ ಆಗೋಗ್ತೀನಿ. ನಾಳೆ ಯಾರಾದ್ರೂ ಕೇಳಿದ್ರೆ ನಿಜಾನೇ ಹೇಳಬೇಕಾಗ್ತೈತೆ. ಸಾಕ್ಷಿಗಳು ಊರ ತುಂಬಾ ಅವ್ರೆ. ನನಗೆ ನಿನ್ನ ಮಾವನಾಗಿದ್ರೆ ಸಾಕು."